ಆಡಿ ಹುಟ್ಟುವ ಮೊದಲು ನಿಲ್ಲಬೇಕಾದ ಸದ್ದು

ಜೂನ್ 3, ಮಂಗಳವಾರ

ಮಗ ಜೀವಾನ ಜೊತೆ ಜಗಳ ಆಡಿ ಗೆದ್ದೆ. ಪೂರ್ತಿ ಅಲ್ಲ, ಅರ್ಧ. ಕಾರು ಸದ್ಯಕ್ಕೆ ಉಳಿಯಿತು.

ನನ್ನ ಯಜಮಾನರು ತೀರಿಕೊಂಡು ಐದು ತಿಂಗಳಾಯಿತು. ಇವರು ಬಿಟ್ಟುಹೋದ ಮಾರುತಿಗೆ ಇಪ್ಪತ್ತಾರು ವರ್ಷ. ಮೇ ತಿಂಗಳಲ್ಲಿ ಮಗಳು ಅಭಿರಾಮಿ ಕೊಯಮತ್ತೂರಿನಿಂದ ಬಂದವಳು, ಇನ್ನು ನನ್ನ ಮನೆಯಲ್ಲೇ ಬಂದು ಇರು ಎಂದು ಎಲ್ಲರ ಎದುರಿಗೆ ಹೇಳಿ ಹೋದಳು. ಅದೇ ವಾರದಿಂದ ಕಾರಿನ ಮುಂದುಗಡೆ ಸದ್ದು ಶುರು. ಗುಂಡಿಗೆ ಇಳಿದರೆ ಲೊಡಕ್, ಉಬ್ಬು ಹತ್ತಿದರೆ ಟಣ್. ಇವರು ಇದ್ದಾಗ ಇಂಥ ಸದ್ದು ಒಂದು ದಿನವೂ ಕೇಳಿರಲಿಲ್ಲ.

ನಾನು ಹೋಗಲು ಒಪ್ಪಿದ್ದೇನೆ. ಹೋಗುವುದಾದರೆ ಇಲ್ಲಿನವರ ಆಷಾಢವಾದ ಆಡಿ ತಿಂಗಳು ಹುಟ್ಟುವ ಮೊದಲೇ ಹೋಗಬೇಕು, ಆಡಿಯಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ. ಪೆಟ್ಟಿಗೆ ಕಟ್ಟಿ ಮಂಚದ ಪಕ್ಕ ಇಟ್ಟಿದ್ದೇನೆ. ಎಂಟು ಸೀರೆ, ಎರಡು ಟವೆಲು, ಪೌಡರ್ ಡಬ್ಬಿ, ಇವರ ಒಂದು ನೀಲಿ ಶರ್ಟು. ಶರ್ಟನ್ನು ಒಗೆದಿಲ್ಲ, ಒಗೆಯುವುದೂ ಇಲ್ಲ. ಆದರೆ ನಾನು ಹೋಗುವುದು ನನ್ನ ಕಾರಿನಲ್ಲೇ. ಐವತ್ತನೆಯ ವಯಸ್ಸಿನಲ್ಲಿ ಇವರೇ ಪಕ್ಕದಲ್ಲಿ ಕೂತು ಕಲಿಸಿಕೊಟ್ಟ ಕಾರು. ಅದೂ ಇಲ್ಲದೆ ಮಗಳ ಮನೆಯ ಸೋಫಾದ ಮೇಲೆ ಕೂತರೆ ನಾನು ಸಾಮಾನಿನ ಲೆಕ್ಕ.

ಜೀವಾ ಒಪ್ಪಲಿಲ್ಲ. "ಅವ್ವಾ, ಹೆದ್ದಾರೀಲಿ ಮುಂದಿನ ಚಕ್ರ ಕಳಚ್ಕೊಂಡ್ರೆ ಏನ್ ಮಾಡ್ತೀಯ? ಅಪ್ಪನ್ನ ಕಳ್ಕೊಂಡಾಯ್ತು. ನಿನ್ನೂ ಕಳ್ಕೊಬೇಕಾ?" ಎಂದ. ಅವನ ಕಣ್ಣಲ್ಲಿ ನೀರಿತ್ತು, ಅದಕ್ಕೆ ನಾನೂ ದನಿ ಇಳಿಸಿದೆ. ದಿಂಡಿಗಲ್‌ನಲ್ಲಿ ಹಳೇ ಬಂಡಿ ಒಡೆದು ಮಾರುವವನೊಬ್ಬ ಕೇಳುತ್ತಿದ್ದಾನಂತೆ. ಆಡಿಯಲ್ಲಿ ಅವನೂ ಬಂಡಿ ಕೊಳ್ಳುವುದಿಲ್ಲ. ಕೊನೆಗೆ ತೀರ್ಮಾನ ಹೀಗಾಯಿತು: ಆಡಿಗೆ ಮುಂಚೆ ಸದ್ದು ನಿಂತರೆ ಕಾರು ನನ್ನದು, ನಿಲ್ಲದಿದ್ದರೆ ಜುಲೈ 13ರ ಭಾನುವಾರ ದಿಂಡಿಗಲ್‌ಗೆ.

ನಲವತ್ತು ದಿನ ಇದೆ! ಚಪ್ಪರದ ದ್ರಾಕ್ಷಿ ಬೆಳೆಸಿದವಳಿಗೆ ಒಂದು ಸದ್ದು ಹಿಡಿಯಲು ಆಗುವುದಿಲ್ಲವೇ?

ಇದನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಾನು ಚಿಕ್ಕವಳಿದ್ದಾಗ ಅಪ್ಪ ಕೊಳ್ಳೇಗಾಲದಲ್ಲಿ ಅಂಗಡಿ ಇಟ್ಟಿದ್ದರು, ಹತ್ತನೇ ಕ್ಲಾಸಿನವರೆಗೆ ಅಲ್ಲೇ ಓದಿದೆ. ತಮಿಳುನಾಡಿನ ಕಂಬಂನ ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಒಬ್ಬರಿಗೂ ಬರುವುದಿಲ್ಲ. ದಿನಚರಿ ಎಲ್ಲಿ ಬಿದ್ದಿದ್ದರೂ ಭಯವಿಲ್ಲ.

ಜೂನ್ 5, ಗುರುವಾರ

ಮೊದಲ ಕೆಲಸ, ಕಾರನ್ನು ಖಾಲಿ ಮಾಡುವುದು. ಒಳಗೆ ಏನಾದರೂ ಉರುಳಾಡುತ್ತಿರಬಹುದಲ್ಲ. ಜಾಕಿ, ಸ್ಟೆಪ್ನಿ, ಕೊಡೆ, ದ್ರಾಕ್ಷಿ ಕತ್ತರಿ ಎರಡು, ಎಲ್ಲ ತೆಗೆದೆ. ಡ್ರೈವರ್ ಸೀಟಿನ ಕೆಳಗೆ ಇವರ ಕನ್ನಡಕ ಸಿಕ್ಕಿತು. ಜನವರಿಯಲ್ಲಿ ಆಸ್ಪತ್ರೆಗೆ ಹೋಗುವ ದಿನ ಮನೆಯೆಲ್ಲ ಹುಡುಕಿದ್ದೆವು.

ಆಮೇಲೆ ಏನೂ ಮಾಡಲಿಲ್ಲ.

ಜೂನ್ 8, ಭಾನುವಾರ

ಖಾಲಿ ಕಾರಿನಲ್ಲೂ ಸದ್ದು ಇದೆ. ಅಂದರೆ ಸಾಮಾನಿನದ್ದಲ್ಲ, ಕಾರಿನದ್ದೇ.

ಇವತ್ತು ತೋಟದ ದಾರಿಯಲ್ಲಿ ಎಂಟು ಸಲ ಹೋಗಿ ಬಂದೆ. ತಿರುವಿನಲ್ಲಿ ಸದ್ದಿಲ್ಲ. ಬ್ರೇಕ್ ಒತ್ತಿದರೆ ಇಲ್ಲ. ನುಣುಪು ರಸ್ತೆಯಲ್ಲಿ ಇಲ್ಲ. ನಿಧಾನವಾಗಿ ಹಳ್ಳ ದಿಣ್ಣೆ ಹತ್ತಿ ಇಳಿದಾಗ ಮಾತ್ರ. ಇನ್ನೂ ಒಂದು ವಿಷಯ ಹಿಡಿದೆ, ಯಾರೂ ಹೇಳಿಕೊಟ್ಟದ್ದಲ್ಲ: ಲೊಡಕ್ ಬೇರೆ, ಟಣ್ ಬೇರೆ! ಲೊಡಕ್ ಎಡಗಾಲಿನ ಕೆಳಗೆ ಕೇಳುತ್ತದೆ. ಟಣ್ ನಡುವಿನಿಂದ, ಮೂಗಿನ ನೇರಕ್ಕೆ. ಒಂದೇ ಕಳ್ಳ ಅಂದುಕೊಂಡಿದ್ದೆವು, ಇಬ್ಬರಿದ್ದಾರೆ. ಖುಷಿಯಿಂದ ಸ್ಟಿಯರಿಂಗಿಗೆ ಒಂದು ಏಟು ಕೊಟ್ಟೆ, ಹಾರನ್ ಆಗಿ ಪಕ್ಕದ ಗದ್ದೆಯ ಕೊಕ್ಕರೆಗಳೆಲ್ಲ ಎದ್ದವು.

ಮನೆಗೆ ಬಂದು ಕಾರಿನ ಕೆಳಗೆ ಹಾಸಿಕೊಳ್ಳಲು ಹಳೇ ಬಟ್ಟೆ ಬೇಕಾಯಿತು. ಪೆಟ್ಟಿಗೆಯಲ್ಲಿ ಮೇಲೇ ಇದ್ದ ಕಂದು ಸೀರೆಯನ್ನು ಎಳೆದುಕೊಂಡೆ. ಮಂಡಿ ನೋವಿಗೆ ಪಕ್ಕದಿಂದ ಇಣುಕಲಷ್ಟೇ ಆಯಿತು.

ಅತ್ತೆ ಎಂದಿನಂತೆ ಕಾರಿನ ಶೆಡ್ಡಿನಲ್ಲಿ, ಬಂಪರಿನ ಎದುರಿಗೇ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಎಂಬತ್ತೆರಡು ವಯಸ್ಸು, ಹೆಸರು ಕಾಳಿಯಮ್ಮಾಳ್, ಸ್ವಭಾವವೂ ಹೆಸರಿಗೆ ತಕ್ಕ ಹಾಗೆ. ಮಗ ಸತ್ತಾಗ ನಮ್ಮ ಎದುರಿಗೆ ಅಳಲಿಲ್ಲ, ಆ ಮೇಲೆ ಈ ಕಾರನ್ನು ಹತ್ತಲೂ ಇಲ್ಲ. ಒಂದು ಕಿವಿ ಕೇಳುವುದಿಲ್ಲ. ಸೊಂಟದ ಸಂಚಿಯಲ್ಲಿ ಎಲೆ ಅಡಿಕೆಗಿಂತ ಬೀಗದ ಕೈಗಳೇ ಹೆಚ್ಚು. ತವರು ದಿಂಡಿಗಲ್ ಕಡೆ, ಬೀಗ ಮಾಡುವವರ ಊರಿನ ಪಕ್ಕ, ಅದಕ್ಕೋ ಏನೋ ಉಪ್ಪಿನ ಜಾಡಿಗೂ ಬೀಗ ಹಾಕುತ್ತಾರೆ. ನನ್ನನ್ನು ನೋಡಿದರೆ ದಿನಾ ಪೆಟ್ಟಿಗೆಯ ಬಗ್ಗೆ ಒಂದೇ ಪ್ರಶ್ನೆ.

"ಪೊಟ್ಟಿ ಕಟ್ಟಾಯ್ತಾ?"

"ಕಟ್ಟಾಯ್ತು ಅತ್ತೆ."

"ಹೂಂ."

ಮೂವತ್ತೈದು ವರ್ಷ ಅತ್ತೆಗೆ ಅನ್ನ ಬಡಿಸಿದ್ದೇನೆ. ಒಂದು ಸಲ, ಇರು ಅನ್ನಬಹುದಿತ್ತು.

ಜೂನ್ 12, ಗುರುವಾರ

ಒಬ್ಬ ಕಳ್ಳ ಸಿಕ್ಕಿಬಿದ್ದ!

ಬೈಪಾಸಿನ ಪಾಂಡಿಯ ವರ್ಕ್‌ಶಾಪಿಗೆ ಹೋದೆ. ಇವರ ಕಾಲದಿಂದಲೂ ಅವನೇ ನಮ್ಮ ಮೆಕ್ಯಾನಿಕ್. ಅವನದು ತಮಿಳು, ಇಲ್ಲಿ ನಮ್ಮ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ನಾನು ಚೀಟಿ ತೆಗೆದು ತಿರುವು, ಬ್ರೇಕು, ಗುಂಡಿ ಎಂದು ಓದಿದಾಗ ಕೈ ಒರೆಸಿಕೊಂಡು ನಿಂತು ಕೇಳಿದ. "ಅಕ್ಕಾ, ಎಲ್ಲರೂ ಬಂದು ಸದ್ದು ಬರುತ್ತೆ ಅಂತಾರೆ ಅಷ್ಟೇ. ಅರ್ಧ ಕೆಲಸ ನೀವೇ ಮಾಡ್ಕೊಂಡು ಬಂದಿದೀರಿ" ಎಂದ.

ಕಾರನ್ನು ಎತ್ತಿ ಕೆಳಗೆ ಹೋದ. ತುಂಬ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಎರಡು ರಬ್ಬರ್ ಬುಷ್ಷು, ಮುಂದಿನ ಅಡ್ಡ ರಾಡನ್ನು ಹಿಡಿದುಕೊಳ್ಳುವವು. ಒಣಗಿದ ಹಪ್ಪಳದ ಹಾಗೆ ಕೈಯಲ್ಲೇ ಪುಡಿಯಾದವು. ಹೊಸದು ಹಾಕಿದ. ವಾಪಸು ಬರುವಾಗ ಬೇಕೆಂದೇ ಎಲ್ಲ ಗುಂಡಿಗೂ ಇಳಿಸಿದೆ. ಲೊಡಕ್ ಇಲ್ಲ! ಪೂರ್ತಿ ಇಲ್ಲ!

ಟಣ್ ಇದೆ.

ಹಳೇ ಬುಷ್ಷುಗಳನ್ನು ಎಸೆಯಲು ಮನಸ್ಸಾಗಲಿಲ್ಲ. ಪೌಡರ್ ಡಬ್ಬಿ ಖಾಲಿ ಮಾಡಿ ಅದರಲ್ಲಿ ಹಾಕಿಟ್ಟೆ.

ಜೂನ್ 16, ಸೋಮವಾರ

ಗಾಳಿ, ತುಂತುರು. ಟಣ್.

ಜೂನ್ 22, ಭಾನುವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಬೆಳಿಗ್ಗೆ ತೋಟದಲ್ಲಿ ಚಪ್ಪರ ನೋಡುತ್ತಿದ್ದೆ. ಕಲ್ಲುಗಂಬಗಳ ಮೇಲೆ ತಂತಿ ಬಿಗಿದು ಅದರ ಮೇಲೆ ಬಳ್ಳಿ ಹಬ್ಬಿಸಿರುತ್ತೇವಲ್ಲ, ಗಾಳಿಗಾಲದಲ್ಲಿ ಯಾವುದಾದರೂ ಕಂಬ ಬುಡದಲ್ಲಿ ಸಡಿಲವಾಗುತ್ತದೆ. ಕಣ್ಣಿಗೆ ಎಲ್ಲ ಕಂಬವೂ ಒಂದೇ. ಅದಕ್ಕೆ ಒಬ್ಬರು ಆ ತುದಿಯಲ್ಲಿ ತಂತಿ ಅಲ್ಲಾಡಿಸಬೇಕು, ಇನ್ನೊಬ್ಬರು ಒಂದೊಂದೇ ಕಂಬಕ್ಕೆ ಅಂಗೈ ಒತ್ತಿ ಬರಬೇಕು. ಸಡಿಲ ಕಂಬ ಅಂಗೈಗೆ ತಾನೇ ಹೇಳುತ್ತದೆ. ಇವರು ಅಲ್ಲಾಡಿಸುತ್ತಿದ್ದರು, ನಾನು ಕೈ ಇಡುತ್ತಿದ್ದೆ. ಒಂದು ಸಲವೂ ತಪ್ಪಿಲ್ಲ.

ಒಂದು ಕಂಬಕ್ಕೆ ಕೈ ಇಟ್ಟು ನಿಂತವಳಿಗೆ ಫಕ್ಕನೆ ಹೊಳೆಯಿತು, ಕಾರಿಗೂ ಹಾಗೇ ಮಾಡಿದರೆ?

ಮನೆಗೆ ಓಡಿದೆ. ಸೀರೆಯ ಮೇಲೆ ಹಾಕಿಕೊಳ್ಳಲು ಒಂದು ಶರ್ಟು ಬೇಕಿತ್ತು, ತೋಟದ್ದೆಲ್ಲ ನೆನೆದಿದ್ದವು. ಪೆಟ್ಟಿಗೆಯಿಂದ ನೀಲಿಯದನ್ನು ತೆಗೆದು ಹಾಕಿಕೊಂಡು ಹೊರಟೆ. ಪಾಂಡಿಗೆ ಹೇಳಿದೆ: ನೀನು ಮೇಲೆ ಕೂತು ಸ್ಟಿಯರಿಂಗನ್ನು ಒಂದೊಂದು ಬೆರಳಷ್ಟು ಆಚೆ ಈಚೆ ಅಲ್ಲಾಡಿಸು, ನಾನು ಕಾರಿನ ಕೆಳಗಿನ ಗುಣಿಗೆ ಇಳಿಯುತ್ತೇನೆ. ಅವನು ಬೇಡ ಅಕ್ಕಾ ಅಂದ, ಎಣ್ಣೆ ಅಂದ, ವಯಸ್ಸು ಅಂದ. ವಯಸ್ಸು ಅಂದಮೇಲೆ ಇಳಿದೇ ಇಳಿದೆ.

ಒಂದೊಂದೇ ಕೀಲಿಗೆ ಅಂಗೈ ಒತ್ತುತ್ತ ಹೋದೆ. ಮೊದಲನೆಯದು ಗಟ್ಟಿ. ಎರಡನೆಯದು ಗಟ್ಟಿ. ಬಲ ಚಕ್ರದ ಹತ್ತಿರ, ಸ್ಟಿಯರಿಂಗ್ ರಾಡು ಬಂದು ಸೇರುವ ಗುಂಡುಕೀಲಿಗೆ ಕೈ ಇಟ್ಟೆ, ಅಂಗೈಯೊಳಗೆ ಸಣ್ಣಗೆ ಟಕ್ ಅಂದಿತು! "ಸಿಕ್ತು ಪಾಂಡೀ!" ಎಂದು ಕಿರುಚಿದ್ದಕ್ಕೆ ಎದುರಿನ ಟೀ ಅಂಗಡಿಯವರೆಲ್ಲ ಬಂದು ನಿಂತರು. ಪಾಂಡಿ ಇಳಿದು ಬಂದು ತಾನೂ ಕೈ ಇಟ್ಟು ನೋಡಿದ. "ಈ ಸಡಿಲ ಇನ್ನೊಂದು ತಿಂಗಳು ನನಗೇ ಗೊತ್ತಾಗ್ತಿರಲಿಲ್ಲ ಅಕ್ಕಾ" ಎಂದ.

ಹೊಸ ಕೀಲು ದಿಂಡಿಗಲ್‌ನಿಂದ ಮಂಗಳವಾರ ಬರುತ್ತದೆ. ಶರ್ಟಿಗೆ ಗ್ರೀಸ್ ಆಗಿತ್ತು, ಸೋಪು ಹಾಕಿ ಒಗೆದು ಹಗ್ಗದ ಮೇಲೆ ಹಾಕಿದೆ. ಅತ್ತೆ ಬಂದು ಅದನ್ನೇ ನೋಡುತ್ತ ನಿಂತಿದ್ದರು.

ಜೂನ್ 24, ಮಂಗಳವಾರ

ಹೊಸ ಕೀಲು ಹಾಕಿ ಆಯಿತು. ಸ್ಟಿಯರಿಂಗ್ ಬೆಣ್ಣೆ.

ಟಣ್ ಹಾಗೇ ಇದೆ.

ಅಳು ಬಂತು, ಅತ್ತುಬಿಟ್ಟೆ. ಪಾಂಡಿ ನನ್ನ ಮುಖ ನೋಡಲಿಲ್ಲ. ಬಂಪರಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ ಸರವನ್ನು ನೋಡುತ್ತ, "ಅದು ನಿಲ್ಲುವಾಗ ನಿಲ್ಲುತ್ತೆ ಅಕ್ಕಾ, ದೇವರು ಮನಸ್ಸು ಮಾಡಬೇಕು" ಎಂದ. ಮೆಕ್ಯಾನಿಕ್ ಆಡುವ ಮಾತೇ ಇದು? ಸಿಟ್ಟಿನಿಂದ ಹೊರಟು ಬಂದೆ.

ಜೂನ್ 29, ಭಾನುವಾರ

ಪಾಂಡಿ ತನ್ನ ಹಳೇ ಸ್ಪಾನರ್ ಸೆಟ್ಟು ಕೊಟ್ಟು ಕಳಿಸಿದ್ದಾನೆ, ಮನೆಯಲ್ಲಿ ಇಟ್ಟುಕೊಳ್ಳಿ ಎಂದು. ಸಮಾಧಾನ ಮಾಡುವ ರೀತಿ ಇರಬೇಕು. ಎಷ್ಟು ಚೆಂದ ಇವೆ! ಇಡಲು ಜಾಗ ಇರಲಿಲ್ಲ, ಪೆಟ್ಟಿಗೆಯಲ್ಲಿದ್ದ ಸೀರೆಗಳಲ್ಲಿ ನಾಲ್ಕನ್ನು ಬೀರುವಿಗೆ ಹಾಕಿ ಜಾಗ ಮಾಡಿದೆ. ಟವೆಲುಗಳು ಎಣ್ಣೆ ಒರೆಸಲು ಹೋದವು.

ಈಗ ಹೊಸ ಉಪಾಯ. ಒಂದೊಂದೇ ಭಾಗಕ್ಕೆ ಸೈಕಲ್ ಟ್ಯೂಬ್ ಬಿಗಿದು ಓಡಿಸಿ ನೋಡುತ್ತೇನೆ. ಯಾವುದನ್ನು ಕಟ್ಟಿದಾಗ ಟಣ್ ನಿಲ್ಲುತ್ತದೋ ಅದೇ ಕಳ್ಳ. ಬಾನೆಟ್ಟಿನ ಬೀಗ, ರೇಡಿಯೇಟರ್, ಬ್ಯಾಟರಿ ತಟ್ಟೆ ಮೂರೂ ನಿರಪರಾಧಿಗಳು.

ಜುಲೈ 6, ಭಾನುವಾರ

ಶೇರ್ ಆಟೋದವನೊಬ್ಬ ಬಂದು ಬಾಗಿಲಲ್ಲಿ ನಿಂತಿದ್ದ. "ಬಂಡಿ ಸದ್ದು ಕೇಳಿ ಹೇಳೋ ಅಕ್ಕಾ ನೀವೇನಾ?" ಕೂತು ಒಂದು ಸುತ್ತು ಹೋಗಿ ಬಂದೆ. ಹಿಂದಿನ ಬಲಗಡೆಯ ಬೇರಿಂಗ್ ಎಂದೆ. ಸಂಜೆ ಬಂದು ಕೈಮುಗಿದ, ಅದೇ ಆಗಿತ್ತಂತೆ! ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು ಹೋದ.

ಅಭಿರಾಮಿ ಎರಡು ಸಲ ಫೋನ್ ಮಾಡಿದ್ದಾಳೆ, ಕೈಯೆಲ್ಲ ಗ್ರೀಸ್ ಇತ್ತು, ತೆಗೆಯಲಾಗಲಿಲ್ಲ. ನಾಳೆ ಮಾಡಬೇಕು. ಅತ್ತೆ ಇವತ್ತೂ ಪೊಟ್ಟಿ ಕಟ್ಟಾಯ್ತಾ ಎಂದರು. ನನಗೂ ರೇಗಿತು. "ಪೊಟ್ಟೀಲಿ ಸ್ಪಾನರ್ ಐತೆ, ಕಟ್ಟಿ ಏನ್ಮಾಡ್ಲಿ?" ಎಂದೆ. ಅವರು ಎದ್ದು ಒಳಗೆ ಹೋದರು.

ಇನ್ನು ಒಂದೇ ವಾರ. ದಿಂಡಿಗಲ್‌ನವನು ಜೀವಾನಿಗೆ ಫೋನ್ ಮಾಡಿ ಭಾನುವಾರ ಖಾತ್ರಿ ತಾನೆ ಎಂದು ಕೇಳಿದ್ದಾನೆ.

ಜುಲೈ 11, ಶುಕ್ರವಾರ

ಸಿಕ್ಕಿತು. ಸಿಕ್ಕಿತು. ಸಿಕ್ಕಿತು.

ಬೆಳಿಗ್ಗೆ ಜೀವಾ ಅತ್ತೆಯನ್ನು ಬೈಕಿನಲ್ಲಿ ಉತ್ತಮಪಾಳ್ಯಂಗೆ ಕಣ್ಣು ತೋರಿಸಲು ಕರೆದುಕೊಂಡು ಹೋದ. ಶುಕ್ರವಾರ ಶುಕ್ರವಾರ ಕಾರಿಗೆ ಹೊಸ ನಿಂಬೆಹಣ್ಣಿನ ಸರ ಕಟ್ಟುವುದು ಅತ್ತೆಯ ಕೆಲಸ, ಬೇರೆಯವರನ್ನು ಹತ್ತಿರ ಬಿಡುವುದಿಲ್ಲ. ಬರುವುದು ತಡವಾದರೆ ಎಂದು ನಾನೇ ಕಟ್ಟಲು ಹೋದೆ. ಮಂಡಿ ಮಡಚಲಾಗದೆ ನೆಲದ ಮೇಲೆ ಅತ್ತೆ ಕೂರುವ ಜಾಗದಲ್ಲೇ ಕೂತೆ. ದಾರ ಸಿಕ್ಕಿಸಲು ಬಂಪರಿನ ಹಿಂದಕ್ಕೆ ಕೈ ತೂರಿಸಿದರೆ ತಣ್ಣಗೆ, ಭಾರವಾಗಿ ಏನೋ ತಗುಲಿತು. ಅದು ತೂಗಾಡಿ ಹಿಂದಿನ ಕಬ್ಬಿಣಕ್ಕೆ ಬಡಿಯಿತು.

ಟಣ್!

ತಲೆ ನೆಲಕ್ಕೆ ತಾಗಿಸಿ ನೋಡಿದೆ. ಕಾರು ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಯಲು ಕೆಳಗೊಂದು ಕೊಕ್ಕೆ ಇರುತ್ತದಲ್ಲ, ಅದಕ್ಕೆ ಮಾವಿನಕಾಯಿ ಗಾತ್ರದ ದಿಂಡಿಗಲ್ ಬೀಗ. ಕುಂಕುಮ ಇಟ್ಟಿದೆ. ಬಾಯಿ ಬಿಗಿದು ಹಾಕಿದೆ.

ಅತ್ತೆಯ ತವರೂರಿನಲ್ಲಿ ಮುನಿಯಪ್ಪ ದೇವರಿಗೆ ಹೀಗೆ ಹರಕೆ ಹೊರುತ್ತಾರೆ. ಬೀಗ ಹಾಕಿ ಬರುವುದು, ಬೇಡಿದ್ದು ಆದಮೇಲೆ ಹೋಗಿ ತೆಗೆಯುವುದು. ಅಭಿರಾಮಿ ಹುಟ್ಟುವ ಮೊದಲು ನನ್ನ ಹೆಸರಿನಲ್ಲೂ ಅಲ್ಲಿ ಒಂದು ಹಾಕಿದ್ದರು. ಹಾಕಿದವರೇ ತೆಗೆಯಬೇಕು. ಯಾಕೆ ಹಾಕಿದೆ ಎಂದು ಯಾರೂ ಕೇಳಬಾರದು.

ಕಾರನ್ನು ಪಾಂಡಿಯ ಹತ್ತಿರ ಓಡಿಸಿದೆ. ಇಳಿಯುವ ಮೊದಲೇ ಕೇಳಿದೆ, "ಬೀಗ ನೋಡಿದ್ದೆಯಾ ನೀನು?"

ಪಾಂಡಿ ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟ. "ಮೊದಲನೇ ದಿನವೇ ನೋಡಿದೆ ಅಕ್ಕಾ."

"ಸದ್ದು ಅದರದ್ದೇ ಅಂತ ಗೊತ್ತಾಗಲಿಲ್ವಾ?"

"ಸಂಶಯ ಬಂತು. ಬಂದ ಕೂಡಲೇ ಭಯವೂ ಬಂತು. ಹರಕೆ ಬೀಗ. ತೊಡಕ್ಕೂಡಾದು ಅಕ್ಕಾ." ಮುಟ್ಟಬಾರದು ಎಂದು ಎರಡೂ ಕೆನ್ನೆ ತಟ್ಟಿಕೊಂಡ. "ನೀವೇ ಹಾಕಿದ್ದು ಅಂದುಕೊಂಡೆ. ಹಾಕಿದವರಿಗೇ ಹೇಗೆ ಹೇಳೋದು? ಅದಕ್ಕೇ, ಬೇರೆ ಸವೆದದ್ದೆಲ್ಲ ಸರಿ ಮಾಡಿಬಿಡೋಣ ಅಂತ..."

ಬೈಯಲು ಬಾಯಿ ತೆರೆದವಳಿಗೆ ನಗು ಬಂತು. ಅವನೂ ನಕ್ಕ. ಆಮೇಲೆ ನನ್ನ ನಗು ನಿಂತಿತು. ಹರಕೆ ತೀರದೆ ಬೀಗ ತೆಗೆಯುವ ಹಾಗಿಲ್ಲ. ಬೀಗ ತೆಗೆಯದೆ ಟಣ್ ನಿಲ್ಲುವುದಿಲ್ಲ. ಟಣ್ ನಿಲ್ಲದಿದ್ದರೆ ಭಾನುವಾರ ಕಾರು ಹೋಗುತ್ತದೆ.

ಮಧ್ಯಾಹ್ನ ಅತ್ತೆ ಬಂದರು. ಶೆಡ್ಡಿಗೆ ಕರೆದುಕೊಂಡು ಹೋಗಿ, ಕೇಳುವ ಕಿವಿಯ ಪಕ್ಕ ನಿಂತು ಕಾರಿನ ಮೂಗನ್ನು ಎರಡೂ ಕೈಯಲ್ಲಿ ಒತ್ತಿ ಒತ್ತಿ ಕುಲುಕಿದೆ. ಟಣ್ ಅಂದಿತು. ಅತ್ತೆಯ ಮುಖ ಬಿಳಿಚಿಕೊಂಡಿತು.

"ಇದಾ ಆ ಸತ್ತ?" ಸದ್ದಿಗೆ ಅವರು ಸತ್ತ ಅನ್ನುತ್ತಾರೆ.

"ಇದೇ ಅತ್ತೆ. ಇದ್ಕೇ ಜೀವಾ ಬಂಡಿ ಮಾರ್ತೀನಿ ಅಂತಿರೋದು."

ಅತ್ತೆ ಬಂಪರ್ ಹಿಡಿದುಕೊಂಡು ಮೆಲ್ಲಗೆ ಕೂತರು. ಕೇಳಬಾರದು ಎಂದು ಗೊತ್ತಿದ್ದೂ ನಾನು ಕೇಳಿಬಿಟ್ಟೆ, ನನ್ನ ಕಾರಿಗೆ ಯಾಕೆ ಬೀಗ ಎಂದು. ಅವರು ತಿರುಗಿ ನನ್ನನ್ನೇ ಕೇಳಿದರು.

"ಪೊಟ್ಟೀಲಿ ಏನೈತೆ?"

ಈಗಲೂ ಅದೇ ಮಾತು! "ಸ್ಪಾನರು, ಹಳೇ ಬುಷ್ಷು, ಟ್ಯೂಬು."

"ಸೀಲೆ?"

ಸೀರೆಗಳನ್ನು ಎಣಿಸಿ ನೋಡಿದೆ. ನಾಲ್ಕು ಬೀರುವಿನಲ್ಲಿ. ಒಂದು ಕಾರಿನ ಕೆಳಗೆ ಹಾಸಲು. ಎರಡು ಈ ವಾರ ಉಟ್ಟು ಒಗೆದದ್ದು. ಒಂದು ಮೈಮೇಲಿದೆ.

"ಒಂದೂ ಇಲ್ಲ" ಎಂದೆ.

"ನನ್ ಮಗ ರಂಗಸಾಮಿ ಅಂಗಿ?"

"ಇವತ್ತೂ ಒಗ್ದೆ, ಹಗ್ಗದ ಮೇಲೈತೆ."

ಅತ್ತೆ ಸಂಚಿಗೆ ಕೈ ಹಾಕಿ ಅಷ್ಟೂ ಬೀಗದ ಕೈಗಳನ್ನು ಮಡಿಲಿಗೆ ಸುರಿದುಕೊಂಡರು. ಅದರಲ್ಲಿ ಹಿತ್ತಾಳೆಯದೊಂದನ್ನು ಆರಿಸಿ, ನನ್ನನ್ನು ಹೆಸರಿಟ್ಟು ಕರೆದರು. "ನಿನ್ ಕಾಲ್ಗೆ ಪೂಟು ಬೀಗ ಹಾಕಕ್ಕಾಯ್ತದಾ ದೈವಾನೆ? ನೀ ಹೋಗೋದಾದ್ರೆ ಇದ್ರಲ್ಲೇ ತಾನೆ ಹೋಗ್ಬೇಕು. ಅದ್ಕೇ ಇದ್ಕೆ ಹಾಕ್ದೆ. ನನ್ ಮಗ ಹೋದ. ನೀನೂ ಹೋಗ್ಬುಟ್ರೆ ನಾ ಯಾರ್ ಜೊತೇಲಿ ಜಗ್ಳ ಆಡ್ಲಿ?"

ಆಮೇಲೆ ಅವರು ಅತ್ತರು. ಆರು ತಿಂಗಳಲ್ಲಿ ಮೊದಲ ಸಲ, ದೊಡ್ಡ ದನಿಯಲ್ಲಿ, ಮಗನ ಹೆಸರು ಹಿಡಿದು. ನಾನೂ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಹುಣಸೆಬೀಜದ ಮೊರ ಕಾಲಿಗೆ ತಾಗಿ ಚೆಲ್ಲಿತು.

ಅಳು ಮುಗಿದಮೇಲೆ ಬಗ್ಗಿ ಬೀಗ ತೆಗೆದದ್ದು ಅವರೇ. "ಮುನಿಯಪ್ಪ ಕೆಲ್ಸ ಮಾಡವ್ನೆ, ನೋಡು" ಎಂದು ಮೂಗು ಒರೆಸಿಕೊಂಡು ನನ್ನ ಮೇಲೆ ಗೆದ್ದ ಮುಖ ಮಾಡಿದರು. ನನಗೆ ಒಪ್ಪಿಗೆ ಇಲ್ಲ. ನಾನು ಕೊಯಮತ್ತೂರಿಗೆ ಹೋಗುವುದಿಲ್ಲ ಎಂದು ಯಾರಿಗೂ ಹೇಳಿರಲಿಲ್ಲವಲ್ಲ. ಕೆಲಸ ಇತ್ತು, ಅಷ್ಟೇ.

ಅಭಿರಾಮಿಗೆ ಫೋನ್ ಮಾಡಬೇಕು.

ಜುಲೈ 13, ಭಾನುವಾರ

ದಿಂಡಿಗಲ್‌ಗೆ ಹೋದೆವು. ಕಾರು ಕೊಡಲು ಅಲ್ಲ, ಮುನಿಯಪ್ಪನಿಗೆ ಬೀಗ ಒಪ್ಪಿಸಲು. ಅತ್ತೆ ಮುಂದಿನ ಸೀಟಿನಲ್ಲಿ ಕೂತರು, ಜೀವಾ ಹಿಂದೆ. ಇವರ ಕನ್ನಡಕ ಡ್ಯಾಶ್‌ಬೋರ್ಡಿನ ಮೇಲಿತ್ತು.

ತೇನಿ ದಾಟುವವರೆಗೆ ಜೀವಾ ಕಿವಿ ಚಾಚಿಕೊಂಡೇ ಇದ್ದ. ಒಂದು ಕಡೆ ರಸ್ತೆ ಅಗೆದಿದ್ದರು, ಬೇಕೆಂದೇ ನಿಧಾನ ಮಾಡಿ ಎಲ್ಲ ಗುಂಡಿಗೂ ಇಳಿಸಿದೆ. ಏನೂ ಇಲ್ಲ! ದಿಂಡಿಗಲ್‌ನವನ ಫೋನ್ ಬಂತು. ಜೀವಾ ಕನ್ನಡಿಯಲ್ಲಿ ನನ್ನನ್ನು ನೋಡಿ, "ಬಂಡಿ ಕೊಡಲ್ಲಣ್ಣಾ, ನಮ್ಮವ್ವ ಓಡಿಸ್ತಾವ್ರೆ" ಎಂದ. ಆ ಮಾತನ್ನು ತಮಿಳಿನಲ್ಲಿ ಹೇಳಬೇಕು ಎಂದು ಅವನಿಗೆ ಆಮೇಲೆ ಹೊಳೆಯಿತು. ಮೂವರೂ ನಕ್ಕು ನಕ್ಕು ಸಾಕಾದೆವು.

ಅಭಿರಾಮಿ ಮೊದಲು ಸಿಟ್ಟು ಮಾಡಿದಳು, ಆಮೇಲೆ ದೀಪಾವಳಿಗೆ ಕಾರು ತೆಗೆದುಕೊಂಡು ಬಾ ಎಂದಳು. ಹೋಗಿ ಬರುತ್ತೇನೆ. ಪೆಟ್ಟಿಗೆ ಡಿಕ್ಕಿಯಲ್ಲೇ ಇದೆ, ಸ್ಪಾನರುಗಳಿಗೆ ಅದೇ ಸರಿಯಾದ ಜಾಗ. ಬಟ್ಟೆಗೆ ಒಂದು ಚೀಲ ಸಾಕು.

ವಾಪಸು ಬರುವಾಗ ಬಿಸಿಲು ಇಳಿದಿತ್ತು. ಕಂಬಂ ಇನ್ನೂ ನಾಲ್ಕು ಮೈಲಿ ಇರುವಾಗ ಹಿಂದಿನ ಎಡ ಚಕ್ರದ ಕಡೆಯಿಂದ ಸಣ್ಣಗೆ ಕಿರ್ ಎಂದಿತು. ಇನ್ನೊಂದು ಉಬ್ಬಿಗೆ ಮತ್ತೆ, ಕಿರ್. ನಾನು ಅತ್ತೆಯ ಕಡೆ ತಿರುಗಿದೆ.

ಅತ್ತೆ ಸಂಚಿಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು. "ಸತ್ಯವಾಗ್ಲೂ ಇದು ನಾನಲ್ಲ ತಾಯಿ!"

ನಾಳೆ ಬೆಳಿಗ್ಗೆ ನೋಡಬೇಕು.